ಪ್ಲೇಗ್ ಮಾರಿಯನ್ನು ಹಿಮ್ಮೆಟ್ಟಿಸಿದ ಹಾಫ್‌ಕಿನ್

ಮುಂಬಯಿಯ ಪರೇಲ್‌ನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. ಆದರೆ ಆ ಹೆಸರಿನ ಹಿಂದಿರುವ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಅವರ ಬದುಕು ಹಲವರಿಗೆ ಅಪರಿಚಿತ.

1860ರ ಮಾರ್ಚ್ 15ರಂದು ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಅವರು, ಖ್ಯಾತ ವಿಜ್ಞಾನಿ ಮೆಚ್ನಿಕಾಫ್ ಅವರ ಶಿಷ್ಯರು. ಯಹೂದಿಯಾಗಿದ್ದ ಕಾರಣಕ್ಕೆ ತಾಯ್ನೆಲದಲ್ಲಿ ಪ್ರಾಧ್ಯಾಪಕ ಹುದ್ದೆಯ ಬಾಗಿಲು ಮುಚ್ಚಿದಾಗ ಜಿನೀವಾಕ್ಕೆ, ಅಲ್ಲಿಂದ 1889ರಲ್ಲಿ ಪ್ಯಾರಿಸ್‌ಗೆ ತೆರಳಿದರು. ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಮೊದಲು ದೊರೆತದ್ದು ಗ್ರಂಥಾಲಯದ ಕೆಲಸ. ಬಿಡುವಿನಲ್ಲಿ ಸಂಶೋಧನೆ ನಡೆಸಿ ಕಾಲರಾ ಲಸಿಕೆ ಸಿದ್ಧಪಡಿಸಿದ ಅವರು, 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಸಾವಿರಾರು ಜನರಿಗೆ ಲಸಿಕೆ ನೀಡಿದರು.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿಯಿತು. ಜನ ಊರು ಬಿಟ್ಟು ಓಡತೊಡಗಿದರು. ಸರಕಾರದ ಕರೆಯ ಮೇರೆಗೆ ಬಂದ ಹಾಫ್‌ಕಿನ್, ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಪುಟ್ಟ ಕೊಠಡಿಯಲ್ಲಿ ಬೆರಳೆಣಿಕೆಯ ಸಹಾಯಕರೊಂದಿಗೆ ಹಗಲಿರುಳು ದುಡಿದರು. ಸಾರಿನಲ್ಲಿ ತುಪ್ಪದ ಹನಿಗಳನ್ನು ತೇಲಿಬಿಟ್ಟು ಅದರ ಆಸರೆಯಲ್ಲಿ ಪ್ಲೇಗ್ ರೋಗಾಣುಗಳನ್ನು ಬೆಳೆಸಿ, ಬಳಿಕ ಕಾಯಿಸಿ ಕೊಂದು ಲಸಿಕೆ ತಯಾರಿಸಿದರು. ಸತ್ತ ರೋಗಾಣು ಕಾಯಿಲೆ ತಾರದು. ಆದರೆ ಅದನ್ನು ಗುರುತಿಸಿಕೊಂಡ ದೇಹ ಜೀವಂತ ರೋಗಾಣುವನ್ನು ಎದುರಿಸಲು ಸಜ್ಜಾಗುತ್ತದೆ. 1897ರ ಜನವರಿ 10ರಂದು ಈ ಲಸಿಕೆಯನ್ನೂ ಅವರು ಮೊದಲು ತಾವೇ ಚುಚ್ಚಿಸಿಕೊಂಡರು. ಅದೇ ತಿಂಗಳು ಪ್ಲೇಗ್ ಹೊಕ್ಕಿದ್ದ ಬೈಕುಲ್ಲಾ ಜೈಲಿನಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ನೀಡಿದಾಗ, ಅವರಲ್ಲಿ ರೋಗವೂ ಸಾವೂ ಗಣನೀಯವಾಗಿ ಕಡಿಮೆಯಾಯಿತು. 1898ರಲ್ಲಿ ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ, ಧಾರವಾಡಗಳಲ್ಲೂ ಸಾವಿರಾರು ಕನ್ನಡಿಗರು ಈ ಲಸಿಕೆ ಪಡೆದರು. 1899ರಲ್ಲಿ ಅವರ ಪ್ರಯೋಗಾಲಯ ಪರೇಲ್‌ನ ಹಳೆಯ ಗವರ್ನರ್ ಬಂಗಲೆಗೆ ಸ್ಥಳಾಂತರಗೊಂಡಿತು.

ಕೀರ್ತಿಯ ಶಿಖರದಲ್ಲಿದ್ದಾಗಲೇ ಸಿಡಿಲೆರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದವರಲ್ಲಿ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಅವರೆಲ್ಲರಿಗೂ ನೀಡಿದ್ದು ಒಂದೇ ಬಾಟಲಿಯ ಮದ್ದು. ತಪ್ಪನ್ನು ಪ್ರಯೋಗಾಲಯದ ಮೇಲೆ ಹೊರಿಸಲಾಯಿತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡು ಲಂಡನ್‌ಗೆ ಮರಳಬೇಕಾಯಿತು. ವಾಸ್ತವದಲ್ಲಿ ಅಂದು ಬಾಟಲಿ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸದೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೇ ವಾಸಿಸುವಂಥದ್ದು. ರೊನಾಲ್ಡ್ ರಾಸ್ ಸೇರಿದಂತೆ ಹಲವು ವಿಜ್ಞಾನಿಗಳು ಅವರ ಪರ ದನಿಯೆತ್ತಿದ ಮೇಲೆ 1907ರಲ್ಲಿ ಅವರು ಆರೋಪಮುಕ್ತರಾದರು. ಮತ್ತೆ ಭಾರತಕ್ಕೆ ಬಂದರೂ ಅವರ ಸೇವೆ ಸಂದದ್ದು ಕಲ್ಕತ್ತದಲ್ಲಿ. ತಾವೇ ಕಟ್ಟಿದ ಪರೇಲ್‌ನ ಪ್ರಯೋಗಾಲಯ ಅವರಿಗೆ ಮರಳಿ ಸಿಗಲಿಲ್ಲ.

1925ರಲ್ಲಿ ಆ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಅವರು ಕೊನೆಯುಸಿರೆಳೆದರು. ಹೊರಗಿನಿಂದ ಬಂದು ಈ ಮಹಾನಗರದ ಜನರ ಪ್ರಾಣರಕ್ಷಣೆಗೆ ತಮ್ಮ ದೇಹವನ್ನೇ ಮೊದಲು ಒಡ್ಡಿದ ಹಾಫ್‌ಕಿನ್, ಮುಂಬಯಿಗರೆಲ್ಲರ ಕೃತಜ್ಞತೆಗೆ ಪಾತ್ರರು.