ರಾಜರನ್ನು ಒಪ್ಪಿಸಿದ ರೈತನ ಮಗ

ನವೆಂಬರ್ 1ಕ್ಕೆ ಹೊರನಾಡಿನ ಕನ್ನಡ ಕೂಟಗಳೆಲ್ಲ ರಾಜ್ಯೋತ್ಸವಕ್ಕೆ ಸಜ್ಜಾಗುತ್ತವೆ. ಅದರ ಹಿಂದಿನ ದಿನ, ಅಕ್ಟೋಬರ್ 31, ಸರ್ದಾರ್ ವಲ್ಲಭಭಾಯಿ ಪಟೇಲರು ಹುಟ್ಟಿದ ದಿನ. ಎರಡೂ ಒಂದರ ಪಕ್ಕ ಒಂದು ಬಂದದ್ದು ಆಕಸ್ಮಿಕ, ಆದರೆ ಎರಡಕ್ಕೂ ನಂಟಿದೆ. ಬೇರೆ ಬೇರೆ ರಾಜರ ಕೈಯಲ್ಲಿದ್ದ ನೆಲವನ್ನು ಪಟೇಲರು ಮೊದಲು ಒಂದು ದೇಶಕ್ಕೆ ಸೇರಿಸಿದ್ದರಿಂದಲೇ ಮೈಸೂರು, ಬೀದರ್, ಜಮಖಂಡಿಗಳು ಮುಂದೆ ಒಂದು ರಾಜ್ಯವಾಗಲು ದಾರಿಯಾಯಿತು.

1947ರಲ್ಲಿ ಬ್ರಿಟಿಷರು ಹೊರಡುವಾಗ ಭಾರತದ ನಕ್ಷೆಯಲ್ಲಿ ಸುಮಾರು 565 ಸಂಸ್ಥಾನಗಳಿದ್ದವು. ದೇಶದ ನೆಲದ ಐದರಲ್ಲಿ ಎರಡು ಪಾಲು, ಜನರ ನಾಲ್ಕರಲ್ಲಿ ಒಂದು ಪಾಲು ಅವುಗಳಲ್ಲಿತ್ತು. ಹೈದರಾಬಾದಿನಂಥ ಕೆಲವು ಯುರೋಪಿನ ದೇಶಗಳಷ್ಟು ದೊಡ್ಡವು. ಇನ್ನು ಕೆಲವು ಬೆರಳೆಣಿಕೆಯ ಹಳ್ಳಿಗಳಷ್ಟೇ. ಬ್ರಿಟಿಷ್ ಅಧಿಪತ್ಯ ಮುಗಿದ ಕೂಡಲೇ ಇವೆಲ್ಲ ಕಾನೂನಿನ ಪ್ರಕಾರ ಯಾರಿಗೂ ಅಧೀನವಲ್ಲ. ತಿರುವಾಂಕೂರಿನ ದಿವಾನರಂತೂ ತಮ್ಮದು ಸ್ವತಂತ್ರ ದೇಶವಾಗುತ್ತದೆಂದು ಸಾರಿಯೇ ಬಿಟ್ಟಿದ್ದರು.

ಈ ಗಂಟನ್ನು ಬಿಡಿಸುವ ಕೆಲಸ ಪಟೇಲರ ಪಾಲಿಗೆ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು, ಆರೋಗ್ಯ ಸರಿಯಿರಲಿಲ್ಲ. ಗುಜರಾತಿನ ಕರಮಸದ್ ಎಂಬ ಊರಿನ ರೈತ ಮನೆತನ ಅವರದು. ಮೆಟ್ರಿಕ್ ಪಾಸಾದದ್ದೇ 22ರ ವಯಸ್ಸಿನಲ್ಲಿ. ವಕೀಲಿ ಮಾಡಿ ಹಣ ಕೂಡಿಸಿ ಇಂಗ್ಲೆಂಡಿಗೆ ಓದಲು ಹೊರಟಾಗ, ಪ್ರಯಾಣದ ಕಾಗದಪತ್ರಗಳು ವಿ.ಜೆ. ಪಟೇಲ್ ಎಂಬ ಹೆಸರಿನಲ್ಲಿ ಬಂದವು. ಅಣ್ಣ ವಿಠ್ಠಲಭಾಯಿಯ ಹೆಸರೂ ವಿ.ಜೆ. ಪಟೇಲ್. ಹಿರಿಯನಾದ ತಾನು ಮೊದಲು ಹೋಗಬೇಕು ಎಂದು ಅಣ್ಣ ಕೇಳಿದ. ತಮ್ಮ ಅವಕಾಶವನ್ನು ಅಣ್ಣನಿಗೆ ಬಿಟ್ಟುಕೊಟ್ಟು, ವರ್ಷಗಳ ನಂತರ ತಾವು ಹೋಗಿ ಬ್ಯಾರಿಸ್ಟರ್ ಆಗಿ ಬಂದರು. 1928ರಲ್ಲಿ ಬಾರ್ಡೋಲಿಯ ರೈತರು ಏರಿಸಿದ ಕಂದಾಯ ಕಟ್ಟುವುದಿಲ್ಲವೆಂದು ಸತ್ಯಾಗ್ರಹ ಹೂಡಿದಾಗ ಮುಂದೆ ನಿಂತವರು ಇವರೇ. ‘ಸರ್ದಾರ್’ ಎಂಬ ಹೆಸರು ಅವರಿಗೆ ನಿಂತದ್ದು ಅಲ್ಲಿಂದ.

ಪಟೇಲರು ಗಾಂಧೀಜಿಯ ಅನುಯಾಯಿ, ಆದರೆ ಸಮಾಜವಾದಿಯಲ್ಲ. ಇರುವ ವ್ಯವಸ್ಥೆಯನ್ನು ದುಡುಕಿ ಕೆಡವಬಾರದು, ಆಸ್ತಿಯ ಹಕ್ಕಿಗೆ ಬೆಲೆ ಕೊಡಬೇಕು, ಆಡಿದ ಮಾತು ಉಳಿಸಿಕೊಳ್ಳಬೇಕು ಎನ್ನುವ ಸ್ವಭಾವ. ರಾಜರನ್ನು ಕಿತ್ತೊಗೆಯಬೇಕೆಂಬ ಕೂಗು ಜೋರಾಗಿದ್ದ ಕಾಲದಲ್ಲಿ ಈ ಸ್ವಭಾವವೇ ದೇಶದ ಕೈಹಿಡಿಯಿತು.

1947ರ ಜುಲೈಯಲ್ಲಿ ಸಂಸ್ಥಾನಗಳ ಇಲಾಖೆ ಶುರುವಾಯಿತು. ಪಟೇಲರು ಮಂತ್ರಿ, ಕೇರಳ ಮೂಲದ ವಿ.ಪಿ. ಮೆನನ್ ಕಾರ್ಯದರ್ಶಿ. ಗುಮಾಸ್ತರಾಗಿ ಸರ್ಕಾರಿ ಕೆಲಸಕ್ಕೆ ಸೇರಿ ಆ ಎತ್ತರಕ್ಕೆ ಏರಿದ್ದ ಮೆನನ್ನರ ಚುರುಕುತನವಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. ಅವರ ಹೆಸರನ್ನೂ ಮಕ್ಕಳು ಕಲಿಯಬೇಕು. ರಾಜರ ಮುಂದೆ ಅವರಿಬ್ಬರು ಇಟ್ಟದ್ದು ಚಿಕ್ಕ ಬೇಡಿಕೆ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಈ ಮೂರನ್ನು ಮಾತ್ರ ಭಾರತಕ್ಕೆ ಒಪ್ಪಿಸಿ, ಉಳಿದದ್ದು ನಿಮ್ಮಲ್ಲೇ ಇರಲಿ. ಮೈಸೂರಿನ ಜಯಚಾಮರಾಜ ಒಡೆಯರು ಆಗಸ್ಟ್ 9ರಂದು ಸಹಿ ಹಾಕಿದರು. ಜನರಿಗೆ ಅಷ್ಟು ಸಾಲಲಿಲ್ಲ. ‘ಮೈಸೂರು ಚಲೋ’ ಚಳವಳಿ ಎದ್ದು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜನರ ಸರ್ಕಾರ ಬಂತು.

ಜೋಧಪುರದ ಪ್ರಸಂಗ ಸಿನಿಮಾದಂತಿದೆ. ಯುವ ಮಹಾರಾಜ ಹನ್ವಂತ್ ಸಿಂಗ್ ಪಾಕಿಸ್ತಾನದ ಕಡೆ ವಾಲಿದ್ದರು. ಷರತ್ತುಗಳನ್ನು ನೀವೇ ಬರೆದುಕೊಳ್ಳಿ ಎಂದು ಜಿನ್ನಾ ಈ ಮಹಾರಾಜರಿಗೆ ಖಾಲಿ ಹಾಳೆಗೆ ಸಹಿ ಮಾಡಿ ಕೊಟ್ಟಿದ್ದರು ಎಂದು ಮೆನನ್ ದಾಖಲಿಸಿದ್ದಾರೆ. ಪಟೇಲರು ಗದರಿಸಲಿಲ್ಲ. ಬರಗಾಲಕ್ಕೆ ಧಾನ್ಯ, ಕಛ್‌ನ ಬಂದರಿಗೆ ರೈಲು ಸಂಪರ್ಕ ಮೊದಲಾದ ಬೇಡಿಕೆಗಳಿಗೆ ಒಪ್ಪಿದರು. ವೈಸರಾಯರ ಮನೆಯಲ್ಲಿ ಸಹಿಯಾದ ಮೇಲೆ ಮಹಾರಾಜರು ಪೆನ್ನಿನೊಳಗೆ ಅಡಗಿಸಿದ್ದ ಪಿಸ್ತೂಲನ್ನು ಮೆನನ್ನರಿಗೆ ಗುರಿಯಿಟ್ಟು ಹೆದರಿಸಿದರು. ಮೆನನ್ ಅಲುಗಲಿಲ್ಲ.

ಆಮೇಲೆ ಸಣ್ಣ ಸಂಸ್ಥಾನಗಳನ್ನು ಒಟ್ಟುಗೂಡಿಸುವ ವಿಲೀನದ ಕೆಲಸ. ಗುಜರಾತಿನ ಕಾಠಿಯಾವಾಡದ ಇನ್ನೂರಕ್ಕೂ ಹೆಚ್ಚು ಸಂಸ್ಥಾನಗಳು 1948ರಲ್ಲಿ ಸೌರಾಷ್ಟ್ರ ಎಂಬ ಒಂದೇ ರಾಜ್ಯವಾದವು. ನಮ್ಮ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರುಗಳು ಅದೇ ವರ್ಷ ಮುಂಬಯಿ ಪ್ರಾಂತಕ್ಕೆ ಸೇರಿದವು.

ಮಾತಿಗೆ ಬಗ್ಗದೆ ಉಳಿದದ್ದು ಹೈದರಾಬಾದು. ಅದರ 16 ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ರಾಯಚೂರು ಕನ್ನಡದವು. ಅದರ ದೊರೆ ನಿಜಾಮರು ದಿನ ದೂಡುತ್ತಿದ್ದರು. ಇತ್ತ ಖಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಬೀದರ್ ಜಿಲ್ಲೆಯ ಗೋರಟಾದಲ್ಲಿ ಅವರು ನಡೆಸಿದ ಕೊಲೆಗಳನ್ನು ಆ ಸೀಮೆಯ ಜನ ಇಂದಿಗೂ ಮರೆತಿಲ್ಲ. 1948ರ ಸೆಪ್ಟೆಂಬರ್ 13ರಂದು ಸೇನೆ ಒಳಹೊಕ್ಕಿತು, 17ಕ್ಕೆ ನಿಜಾಮರು ಶರಣಾದರು. ಕಲ್ಯಾಣ ಕರ್ನಾಟಕದಲ್ಲಿ ಆ ದಿನವನ್ನು ಈಗಲೂ ಆಚರಿಸುತ್ತಾರೆ. ಆ ಕಾರ್ಯಾಚರಣೆಯ ಹೊತ್ತಿನಲ್ಲಿ, ಅದರ ಬೆನ್ನಿಗೆ ಸಾವಿರಾರು ಮಂದಿ ಮುಸ್ಲಿಮರು ಹತ್ಯೆಯಾದರು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ವರದಿ ಮಾಡಿತು. ಮಕ್ಕಳಿಗೆ ವಿಜಯದ ಕಥೆ ಹೇಳುವಾಗ ಈ ನೋವನ್ನು ಮುಚ್ಚಿಡಬಾರದು.

ಸೋತ ನಿಜಾಮರನ್ನು ಪಟೇಲರು ಅವಮಾನಿಸಲಿಲ್ಲ. ಹೈದರಾಬಾದ್ ರಾಜ್ಯದ ರಾಜಪ್ರಮುಖರ, ಅಂದರೆ ರಾಜ್ಯಪಾಲರಿಗೆ ಸಮನಾದ ಸ್ಥಾನ ಅವರಿಗೇ ಸಿಕ್ಕಿತು. ಮೈಸೂರಿನ ಒಡೆಯರೂ ರಾಜಪ್ರಮುಖರಾಗಿ, 1956ರಲ್ಲಿ ರಾಜ್ಯಪಾಲರಾದರು. ಅಧಿಕಾರ ಬಿಟ್ಟ ರಾಜರಿಗೆಲ್ಲ ವರ್ಷವರ್ಷ ರಾಜಧನ ನಿಗದಿಯಾಯಿತು: ಮೈಸೂರಿಗೆ 26 ಲಕ್ಷ ರೂಪಾಯಿ, ಕಾಠಿಯಾವಾಡದ ಪುಟ್ಟ ಕಟೋಡಿಯಾಕ್ಕೆ 192 ರೂಪಾಯಿ! ಬಡ ದೇಶಕ್ಕೆ ಇದೇಕೆ ಎಂಬ ಪ್ರಶ್ನೆ ಎದ್ದಾಗ ಪಟೇಲರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಸಮರ್ಥಿಸಿದರು. ರಾಜರು ತಮ್ಮ ಮಾತು ನಡೆಸಿದ್ದಾರೆ, ನಾವು ನಮ್ಮದನ್ನು ನಡೆಸಬೇಕು ಎಂಬುದು ಅವರ ವಾದದ ಸಾರ. 1971ರಲ್ಲಿ ರಾಜಧನ ರದ್ದಾಯಿತು.

ಇದೇ ಎಚ್ಚರಿಕೆಯ ಸ್ವಭಾವ ಕನ್ನಡಿಗರನ್ನು ಕಾಯಿಸಿತು ಎಂಬುದೂ ನಿಜ. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರ ಸಮಿತಿ 1949ರಲ್ಲಿ, ಭಾಷಾವಾರು ಪ್ರಾಂತಗಳಿಗೆ ಇದು ಕಾಲವಲ್ಲ ಎಂದಿತು. ಏಕೀಕರಣಕ್ಕೆ ದುಡಿದವರಿಗೆ ಅದು ದೊಡ್ಡ ನಿರಾಸೆ. ಈಗಷ್ಟೇ ಕೂಡಿದ ದೇಶ ಮತ್ತೆ ಒಡೆದೀತೆಂಬ ಪಟೇಲರ ಭಯ ಅರ್ಥವಾಗುತ್ತದೆ, ಆದರೆ ಕನ್ನಡಿಗರ ಬೇಡಿಕೆಯೂ ನ್ಯಾಯವಾದದ್ದೇ. 1950ರ ಡಿಸೆಂಬರ್ 15ರಂದು ತೀರಿಕೊಂಡ ಪಟೇಲರು, 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದದ್ದನ್ನು ನೋಡಲಿಲ್ಲ.

ಈ ಬಾರಿ ರಾಜ್ಯೋತ್ಸವಕ್ಕೆ ಮುಂಚೆ ಕೂಟದ ಮಕ್ಕಳು ಊರಿನಲ್ಲಿರುವ ಅಜ್ಜ-ಅಜ್ಜಿಯರಿಗೆ ಒಂದು ಪ್ರಶ್ನೆ ಕೇಳಬಹುದು: 1947ರಲ್ಲಿ ನಮ್ಮೂರು ಯಾರ ಆಳ್ವಿಕೆಯಲ್ಲಿತ್ತು? ಮಂಡ್ಯದವರು ಮಹಾರಾಜರದು ಎನ್ನುತ್ತಾರೆ, ರಾಯಚೂರಿನವರು ನಿಜಾಮರದು, ಸವಣೂರಿನವರು ನವಾಬರದು, ಧಾರವಾಡ ಮಂಗಳೂರಿನವರು ಬ್ರಿಟಿಷರದು. ಉತ್ತರಗಳನ್ನು ಒಂದು ನಕ್ಷೆಯ ಮೇಲೆ ಬಣ್ಣ ಹಚ್ಚಿ ತಂದರೆ ಕಾರ್ಯಕ್ರಮದ ದಿನ ಸಭಾಂಗಣದ ಗೋಡೆಗೆ ಹಾಕಬಹುದು.