ಗೋಪಾಲಗೌಡರ ನೆನಪು ಮತ್ತು ಕೈದಿಯ ಓಟು

ಹೊನ್ನಾಳಿ ತಾಲ್ಲೂಕಿನ ನಮ್ಮ ಸಾಸ್ವೆಹಳ್ಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಇಲ್ಲಿ ಚುನಾವಣೆ ಮಾತು ಬಂದಾಗೆಲ್ಲ ನನಗೆ ಆ ಜಿಲ್ಲೆಯ ಶಾಂತವೇರಿ ಗೋಪಾಲಗೌಡರು ನೆನಪಾಗ್ತಾರೆ. ಜೈಲಲ್ಲಿರೋರಿಗೆ ಓಟು ಯಾಕೆ ಅಂತ ಯಾರಾದ್ರೂ ಕೇಳಿದಾಗ ಇನ್ನೂ ಹೆಚ್ಚು.

ಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡರು. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ, ಗೇಣಿ ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಗೇಣಿದಾರರು ಎದ್ದು ನಿಂತರು. ಅವರ ಜೊತೆ ನಿಂತ ಗೌಡರು ಮತ್ತೆ ಜೈಲಿಗೆ ಹೋದರು, ರೈತರೂ ಹೋದರು. ಮರುವರ್ಷ, ವಯಸ್ಕರೆಲ್ಲರಿಗೂ ಓಟು ಸಿಕ್ಕ ಮೊದಲ ಚುನಾವಣೆಯಲ್ಲಿ, ಸಾಗರ-ಹೊಸನಗರದ ಜನ ಅವರನ್ನು ಗೆಲ್ಲಿಸಿದರು. ಆಗ ಅವರಿಗೆ 28. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಓಟಿನ ಜೊತೆ ಒಂದು ನೋಟನ್ನೂ ಜನರಿಂದಲೇ ಕೇಳಿ ಪಡೆದ ಅಭ್ಯರ್ಥಿ ಅವರು. 1972ರಲ್ಲಿ ತೀರಿಕೊಂಡರು. ಉಳುವವನಿಗೆ ನೆಲ ಕೊಡುವ ತಿದ್ದುಪಡಿ ಬಂದದ್ದು 1974ರಲ್ಲಿ.

ಕಾಗೋಡಿನ ಸತ್ಯಾಗ್ರಹಿಗಳು ಅಂದು ಕಾನೂನಿನ ಕಣ್ಣಲ್ಲಿ ಆರೋಪಿಗಳು. ಮತದಾನದ ದಿನವೂ ಅವರು ಒಳಗೇ ಇದ್ದಿದ್ದರೆ? 1951ರ ಜನಪ್ರತಿನಿಧಿ ಕಾಯ್ದೆಯ 62(5)ನೇ ಕಲಂ ಪ್ರಕಾರ ಜೈಲಿನಲ್ಲಿರುವವರು, ಪೊಲೀಸ್ ವಶದಲ್ಲಿರುವವರು ಓಟು ಹಾಕುವಂತಿಲ್ಲ. ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಮಾತ್ರ ವಿನಾಯಿತಿ. 1997ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ತಮಾಷೆ ನೋಡಿ: ವಿಚಾರಣಾಧೀನ ಕೈದಿ ಚುನಾವಣೆಗೆ ನಿಲ್ಲಬಹುದು. 1977ರಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ಗೆದ್ದರು.

ಶಿಕ್ಷೆ ಮುಗಿಸಿ ಬಂದವರಿಗೆ ನಮ್ಮಲ್ಲಿ ಓಟು ಮರಳಿ ಸಿಗುತ್ತೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹಾಗೂ ಇಲ್ಲ. ಆದರೆ ನಮ್ಮ ಜೈಲುಗಳಲ್ಲಿರುವ ಸುಮಾರು ಮುಕ್ಕಾಲು ಪಾಲು ಜನರ ಅಪರಾಧ ಇನ್ನೂ ಸಾಬೀತಾಗಿಲ್ಲ. ಅದೇ ಆರೋಪ ಹೊತ್ತು ಜಾಮೀನಿನ ಮೇಲೆ ಹೊರಗಿರುವವನು ಮತಗಟ್ಟೆಗೆ ಹೋಗಿ ಬರ್ತಾನೆ; ಜಾಮೀನಿಗೆ ದುಡ್ಡು ಹೊಂದಿಸಲಾಗದವನು ಒಳಗೇ ಉಳೀತಾನೆ. ಕನಿಷ್ಠ ಇವರಿಗಾದರೂ ಅಂಚೆ ಮತ ಕೊಡಬೇಕು ಅನ್ನೋದು ನನ್ನ ವಾದ. ಬಡವರ ಒಂದೊಂದು ನೋಟಿನಿಂದ ಗೆದ್ದ ಗೌಡರ ನಾಡಿನಲ್ಲಿ, ನೋಟಿಲ್ಲದವನಿಗೆ ಓಟೂ ಇಲ್ಲ ಅನ್ನೋದು ನನಗೆ ಒಪ್ಪಿಗೆಯಾಗಲ್ಲ.