ಎಫ್‌ಎಂ ಜನಕ ಆರ್ಮ್‌ಸ್ಟ್ರಾಂಗ್: ಬದುಕಿನ ಆಚೆ ಒಲಿದ ಗೆಲುವು

ಎಫ್‌ಎಂ ಬಾನುಲಿಯ ಜನಕ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರಲ್ಲಿ, ನ್ಯೂಯಾರ್ಕ್‌ನಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ, 1912ರಲ್ಲಿ, ಲೀ ಡಿ ಫಾರೆಸ್ಟ್ ರೂಪಿಸಿದ್ದ ವಾಲ್ವ್‌ನಿಂದ ಹೊರಬಂದ ಸಂಕೇತದ ಒಂದಂಶವನ್ನು ಮರಳಿ ಅದಕ್ಕೇ ಉಣಿಸಿ, ಕ್ಷೀಣ ಧ್ವನಿಯನ್ನು ಹಲವು ಪಟ್ಟು ಹಿಗ್ಗಿಸಿದರು. ಆ ಶೋಧದ ಹಕ್ಕಿನ ವ್ಯಾಜ್ಯದಲ್ಲಿ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರ ತೀರ್ಪಿತ್ತಿತು. ನೊಂದ ಆರ್ಮ್‌ಸ್ಟ್ರಾಂಗ್ ತಮಗೆ ಸಂದಿದ್ದ ಪದಕವನ್ನು ಹಿಂತಿರುಗಿಸಲು ಮುಂದಾದಾಗ, ರೇಡಿಯೊ ಎಂಜಿನಿಯರುಗಳ ಸಂಸ್ಥೆ ಅದನ್ನು ಸ್ವೀಕರಿಸಲಿಲ್ಲ.

1933ರಲ್ಲಿ ಪಡೆದ ಎಫ್‌ಎಂ ಪೇಟೆಂಟ್‌ಗಳಿಗಾಗಿಯೂ ಅವರು ಆರ್‌ಸಿಎ ಕಂಪನಿಯೊಡನೆ ಮೊಕದ್ದಮೆ ಹೂಡಬೇಕಾಯಿತು. ಸಂಪತ್ತು ಕರಗಿ, ಮನಸ್ಸು ಕುಸಿದು 1954ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಪತ್ನಿ ಮರಿಯನ್ ಹೋರಾಟ ಮುಂದುವರಿಸಿ, 1967ರಲ್ಲಿ ಕೊನೆಯ ಮೊಕದ್ದಮೆಯನ್ನೂ ಗೆದ್ದರು. ವಾಲ್ವ್ ರೇಡಿಯೊಗಳನ್ನು ಜತನದಿಂದ ಕಾಪಾಡುವ ಹವ್ಯಾಸಿಗಳು ಇಂದಿಗೂ ಆಲಿಸುವುದು, ಬಹುಪಾಲು, ಅವರು 1918ರಲ್ಲಿ ರೂಪಿಸಿದ ಸೂಪರ್‌ಹೆಟೆರೊಡೈನ್ ಮಂಡಲದ ಮೂಲಕವೇ.